ಮೆಂಡರ್ ಸಿಪ್ಪೆಯ ಸೀಡರ್, ಅಟ್ಲಾಸ್ ಬೆಟ್ಟದ ಸೀಡರ್: ಚಳಿಗೆ ಯಾವುದು, ಎಲ್ಲಿಗೆ, ಎಷ್ಟು

ನಿಮ್ಮ ಕೈಗೆ ಎರಡೆರಡು ಕಾಗದದ ಪಟ್ಟಿ ಬಂದಿರಬೇಕು. ಒಂದರ ಹಿಡಿಯಲ್ಲಿ ಕೆಂಪು ಗೆರೆ, ಇನ್ನೊಂದರಲ್ಲಿ ನೀಲಿ. ಒಂದೊಂದನ್ನೂ ಒಂದೊಂದು ಸೀಡರ್ ಎಣ್ಣೆಗೆ ಈಗಷ್ಟೇ ಅದ್ದಿ ಕೊಟ್ಟಿದ್ದೇವೆ. ಒಂದರ ಮೇಲೊಂದು ಇಡಬೇಡಿ, ಜೇಬಿಗೂ ಹಾಕಬೇಡಿ. ಈಗೊಮ್ಮೆ ಮೂಸಿ, ಮಾತಿನ ನಡುವೆ ಹೇಳಿದಾಗ ಇನ್ನೊಮ್ಮೆ, ಮುಗಿಯುವ ಹೊತ್ತಿಗೆ ಮತ್ತೊಮ್ಮೆ.

ಅಂಗಡಿಯಲ್ಲಿ ಕೇಳಿದರೆ ಎರಡಕ್ಕೂ ಒಂದೇ ಹೆಸರು, ಸೀಡರ್‌ವುಡ್ ಎಣ್ಣೆ. ಮರಗಳು ಮಾತ್ರ ನೆಂಟರೂ ಅಲ್ಲ ಅನ್ನುವಷ್ಟು ದೂರ. ಕೆಂಪು ಗೆರೆಯದು ವರ್ಜೀನಿಯಾ ಸೀಡರ್, ಸಸ್ಯಶಾಸ್ತ್ರದ ಹೆಸರು ಜುನಿಪೆರಸ್ ವರ್ಜೀನಿಯಾನಾ. ಉತ್ತರ ಅಮೆರಿಕದ ಪೂರ್ವ ಭಾಗದ ಮರ. ಹೆಸರೇ ಹೇಳುವಂತೆ ಇದು ಜುನಿಪರ್, ಸೀಡರ್ ಅಲ್ಲವೇ ಅಲ್ಲ. ನೀಲಿ ಗೆರೆಯದು ಸೆಡ್ರಸ್ ಅಟ್ಲಾಂಟಿಕಾ, ಮೊರಾಕ್ಕೊ ಮತ್ತು ಅಲ್ಜೀರಿಯಾದ ಬೆಟ್ಟಗಳದು. ಇದು ಅಸಲಿ ಸೀಡರ್, ನಮ್ಮ ಹಿಮಾಲಯದ ದೇವದಾರುವಿನ ಒಡಹುಟ್ಟು.

ದೇವದಾರು ಎಂದ ಕೂಡಲೇ ಕನ್ನಡದಲ್ಲಿ ಇನ್ನೊಂದು ತೊಡಕು ಬರುತ್ತದೆ. ಪಶ್ಚಿಮ ಘಟ್ಟದಲ್ಲಿ ಬಿಳಿ ದೇವದಾರು, ಬಿಳಿ ಅಗಿಲು ಎಂದು ಕರೆಯುವ ಮರ ಬೇವಿನ ಕುಟುಂಬದ್ದು. ಹಿಮಾಲಯದ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಗ್ರಂಥಿಗೆ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸಸ್ಯಶಾಸ್ತ್ರದ ಹೆಸರು ಅಚ್ಚಾಗಿರದ ಬಾಟಲಿಯನ್ನು ಕೊಳ್ಳಬೇಡಿ. ಬರಿಯ 'ಸೀಡರ್' ಎಂದಿದ್ದರೆ ಅದು ವರ್ಜೀನಿಯಾದ್ದೂ ಇರಬಹುದು, ಟೆಕ್ಸಸ್‌ನ ಜುನಿಪೆರಸ್ ಆಶೈ ಇರಬಹುದು, ಚೀನಾದ ಕುಪ್ರೆಸಸ್ ಫ್ಯೂನೆಬ್ರಿಸ್ ಇರಬಹುದು, ಹಿಮಾಲಯದ ದೇವದಾರುವೂ ಇರಬಹುದು. ಇಲ್ಲಿ ಹೇಳುವ ಸುಗಂಧದ ಪಾಕಗಳು ಮರ ಬದಲಾದರೆ ಕೆಡುತ್ತವೆ.

ಈಗ ಕೆಂಪು ಪಟ್ಟಿ ಮೂಸಿ. ಪೆನ್ಸಿಲನ್ನು ಮೆಂಡರ್‌ನಲ್ಲಿ ತಿರುಗಿಸಿದಾಗ ಬೀಳುವ ಸಿಪ್ಪೆಯ ವಾಸನೆ ಅದು. ಅಮೆರಿಕದ ಪೆನ್ಸಿಲ್ ಕಾರ್ಖಾನೆಗಳು ಈ ಮರವನ್ನು ಎಷ್ಟು ಕಡಿದವೆಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವು ಕ್ಯಾಲಿಫೋರ್ನಿಯಾದ ಇನ್ಸೆನ್ಸ್ ಸೀಡರ್ ಎಂಬ ಬೇರೆ ಮರಕ್ಕೆ ಬದಲಾಯಿಸಿಕೊಳ್ಳಬೇಕಾಯಿತು. ಇವತ್ತು ನಮ್ಮ ಮಕ್ಕಳ ಪೆನ್ಸಿಲ್‌ಗಳಿಗೆ ಹೆಚ್ಚಾಗಿ ಕಾಶ್ಮೀರದ ಪಾಪ್ಲರ್ ಮರ ಬರುತ್ತದೆ, ಅದಕ್ಕೆ ಹೇಳಿಕೊಳ್ಳುವಂಥ ಘಮವಿಲ್ಲ. ಹಾಗಾಗಿ 'ಪೆನ್ಸಿಲ್ ವಾಸನೆ' ಎಂದರೆ ಸಭೆಯ ಒಂದು ಅರ್ಧಕ್ಕೆ ಥಟ್ಟನೆ ಹೊಳೆಯುತ್ತದೆ, ಇನ್ನೊಂದು ಅರ್ಧ ಸುಮ್ಮನೆ ನೋಡುತ್ತದೆ. ಹೊಳೆಯದವರಿಗಾಗಿ ಹೇಳುವುದಾದರೆ: ಒಣ, ನೇರ, ತುಸು ಒಗರು, ಸಿಹಿ ಇದ್ದೂ ಇಲ್ಲದಂತೆ.

ನೀಲಿ ಪಟ್ಟಿ ಮೊದಲ ಉಸಿರಿಗೆ ಹಿಡಿಸದೇ ಇರಬಹುದು. ಕರ್ಪೂರದ ಘಾಟು, ಅದರ ಹಿಂದೆ ತುಸು ಕೊಟ್ಟಿಗೆ. ಕೆಲವರಿಗೆ ಮೂತ್ರದ ವಾಸನೆಯೂ ಬರುತ್ತದೆ, ಅದು ನಿಮ್ಮ ಮೂಗಿನ ತಪ್ಪಲ್ಲ. ಪಟ್ಟಿಯನ್ನು ಕೆಳಗಿಡಿ. ಅರ್ಧ ಗಂಟೆಯಲ್ಲಿ ಆ ಘಾಟು ಹಾರಿ, ಜೇನುಮೇಣ, ಒಣಹೂವು, ಹಳೆಯ ಮರದ ಪೆಟ್ಟಿಗೆ ಇವುಗಳ ನಡುವಿನದೊಂದು ಘಮ ಮೇಲೆ ಬರುತ್ತದೆ.

ಈ ವ್ಯತ್ಯಾಸ ಎಲ್ಲಿಂದ? ವರ್ಜೀನಿಯಾ ಎಣ್ಣೆಯ ಬಹುಭಾಗ ಸೀಡ್ರೀನ್, ಥುಜಾಪ್ಸೀನ್ ಮತ್ತು ಸೀಡ್ರಾಲ್ ಎಂಬ ಅಣುಗಳು. ಅಟ್ಲಾಸ್ ಎಣ್ಣೆಯ ಬಹುಭಾಗ ಹಿಮಾಚಲೀನ್‌ಗಳು, ಜೊತೆಗೆ ಚಿಕ್ಕ ಪಾಲಿನ ಅಟ್ಲಾಂಟೋನ್‌ಗಳು. ಹಿಮಾಚಲೀನ್ ಎಂಬ ಹೆಸರು ಕೇಳಿದರೆ ಊರು ಗೊತ್ತಾಗುತ್ತದೆ. ಅದು ಮೊದಲು ಸಿಕ್ಕಿದ್ದು ಹಿಮಾಲಯದ ದೇವದಾರು ಎಣ್ಣೆಯಲ್ಲಿ. ಅದರ ರಚನೆಯನ್ನು ಬಿಡಿಸಿದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸುಖ್ ದೇವ್ ಮತ್ತು ಸಂಗಡಿಗರು, 1960ರ ದಶಕದಲ್ಲಿ. ತಮಾಷೆಯೆಂದರೆ ಸೀಡ್ರೀನ್‌ಗೂ ಹಿಮಾಚಲೀನ್‌ಗೂ ಅಣುತೂಕ ಒಂದೇ, 204. ಹದಿನೈದು ಇಂಗಾಲ, ಇಪ್ಪತ್ತನಾಲ್ಕು ಜಲಜನಕ. ಜೋಡಣೆ ಮಾತ್ರ ಬೇರೆ. ತೂಕ ಒಂದೇ ಆದ್ದರಿಂದ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಆವಿಯಾಗುತ್ತವೆ. 'ಅಟ್ಲಾಸ್ ಭಾರ, ವರ್ಜೀನಿಯಾ ಹಗುರ' ಎನ್ನುವ ಮಾರಾಟಗಾರರ ಮಾತಿಗೆ ಇಲ್ಲಿ ಆಧಾರವಿಲ್ಲ. ಭಾರ, ಹಗುರ ಅನ್ನಿಸುವುದು ಮೂಗಿಗೆ, ತಕ್ಕಡಿಗಲ್ಲ.

ಚಳಿಗೆ ಬರೋಣ. 'ಮರದ ಪರಿಮಳ ಚಳಿಗಾಲಕ್ಕೆ' ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಉಲ್ಟಾ ಇದೆ. ಚರ್ಮದ ಉಷ್ಣತೆ 33 ಡಿಗ್ರಿಯಿಂದ 23ಕ್ಕೆ ಇಳಿದರೆ ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಂಥ ಹಗುರ ಅಣು ಆವಿಯಾಗುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೀಡರ್‌ನ ಅಣುಗಳದ್ದು ಅರ್ಧಕ್ಕಿಂತಲೂ ಕೆಳಕ್ಕೆ. ಅಂದರೆ ತಣ್ಣಗಾದಷ್ಟೂ ಹೆಚ್ಚು ಬಾಯಿ ಮುಚ್ಚುವುದು ಮರವೇ. ಚಳಿಯಲ್ಲಿ ಮಣಿಕಟ್ಟಿಗೆ ಹಚ್ಚಿಕೊಂಡು 'ವಾಸನೆಯೇ ಬರುತ್ತಿಲ್ಲ' ಎಂದು ಮತ್ತೆ ಮತ್ತೆ ಸಿಂಪಡಿಸಿಕೊಳ್ಳುವುದಕ್ಕೆ ಕಾರಣ ಇದು. ಹಾಗೆ ಸಿಂಪಡಿಸಿಕೊಂಡವರು ಬೆಚ್ಚಗಿನ ಕೋಣೆಯೊಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಅಷ್ಟೂ ಒಟ್ಟಿಗೆ ಏಳುತ್ತದೆ, ಪಕ್ಕದವರು ಕಿಟಕಿ ಹುಡುಕುತ್ತಾರೆ.

ಹಾಗಾದರೆ ಮರ ಚಳಿಗೆ ಹೊಂದುವುದು ಹೇಗೆ? ಬಟ್ಟೆಯೊಳಗಿನ ಎದೆ ಮಾಗಿಯ ಚಳಿಯಲ್ಲೂ ಸುಮಾರು 33 ಡಿಗ್ರಿಯಲ್ಲೇ ಇರುತ್ತದೆ. ಅದರ ಮೇಲೆ ಹತ್ತಿ, ಅದರ ಮೇಲೆ ಉಣ್ಣೆ. ಒಳಗಿನ ಬಿಸಿಗೆ ಎದ್ದ ಪರಿಮಳ ಆ ಪದರಗಳಲ್ಲಿ ಸಿಕ್ಕಿಕೊಂಡು, ಕೊರಳ ಸಂದಿಯಿಂದ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಬೇಸಿಗೆಯಲ್ಲಿ ಬೆವರಿನೊಂದಿಗೆ ಸೇರಿ ಉಸಿರು ಕಟ್ಟಿಸುವ ಅದೇ ಎಣ್ಣೆ ಚಳಿಯಲ್ಲಿ ಹದವಾಗಿ ಬರುವುದಕ್ಕೆ ಈ ಅಂತರವೇ ಕಾರಣ. ಆದ್ದರಿಂದ ಚಳಿಗಾಲದ ಸುಗಂಧದಲ್ಲಿ 'ಯಾವುದು' ಎಂಬುದಕ್ಕಿಂತ 'ಮೈಮೇಲೆ ಎಲ್ಲಿ' ಎಂಬುದು ದೊಡ್ಡ ಪ್ರಶ್ನೆ. ಎರಡು ಸೀಡರ್‌ಗಳು ಇಲ್ಲಿಯೇ ಬೇರೆಯಾಗುತ್ತವೆ. ವರ್ಜೀನಿಯಾದ ಒಣ ಘಮ ಕಡಿಮೆ ಪ್ರಮಾಣದಲ್ಲೂ ಗುರುತು ಸಿಗುತ್ತದೆ, ಬಯಲಿನ ತಣ್ಣನೆ ಗಾಳಿಯಲ್ಲಿ ಶಾಲಿನ ಅಂಚಿನಿಂದ ಬಂದರೂ ಸಾಕು. ಅಟ್ಲಾಸ್‌ಗೆ ಬಿಸಿ ಬೇಕು. ತಣ್ಣನೆ ಮಣಿಕಟ್ಟಿನ ಮೇಲೆ ಅದು ಕರ್ಪೂರದ ಹಂತದಲ್ಲೇ ಹೆಚ್ಚು ಹೊತ್ತು ನಿಂತುಬಿಡುತ್ತದೆ, ಜೇನುಮೇಣದ ಹಂತ ಮೂಗಿಗೆ ಮುಟ್ಟುವುದೇ ಇಲ್ಲ. ಅದರ ಜಾಗ ಎದೆ, ಹೊಟ್ಟೆಯ ಮೇಲ್ಭಾಗ, ಮೊಣಕೈ ಒಳಗಿನ ಮಡಿಕೆ.

ಅಂಗಡಿಯ ಸಿದ್ಧ ಬಾಟಲಿಗಳಲ್ಲಿ ಈ ಎರಡು ದಾರಿಗಳನ್ನು ನೋಡಬೇಕಾದರೆ ಎರಡು ಹೆಸರು ಸಾಕು. 1992ರಲ್ಲಿ ಜಪಾನಿನ ಶಿಸೈಡೊ ಕಂಪನಿ ಹೊರತಂದ ಫೆಮಿನಿಟೆ ದ್ಯು ಬ್ವಾ ಅಟ್ಲಾಸ್ ಸೀಡರ್ ಸುತ್ತ ಕಟ್ಟಿದ್ದು. ಕಲ್ಪನೆ ಸೆರ್ಜ್ ಲ್ಯುಟನ್ಸ್ ಅವರದು, ಪಾಕ ಪಿಯರ್ ಬುರ್ದೋನ್ ಮತ್ತು ಕ್ರಿಸ್ಟೋಫರ್ ಶೆಲ್ಡ್ರೇಕ್ ಅವರದು. 2009ರಿಂದ ಲ್ಯುಟನ್ಸ್ ಹೆಸರಿನಲ್ಲೇ ಸಿಗುತ್ತದೆ. ಸೀಡರ್‌ಗೆ ಪ್ಲಮ್ ಹಣ್ಣು, ಚಕ್ಕೆ, ಲವಂಗ, ವಯೊಲೆಟ್ ಸೇರಿಸಿದ್ದಾರೆ. ಅಟ್ಲಾಸ್‌ನ ಕೊಟ್ಟಿಗೆ ವಾಸನೆಯನ್ನು ತೆಗೆದುಹಾಕಿಲ್ಲ, ಹಣ್ಣಿನ ಪಕ್ಕ ಕೂರಿಸಿ ಅದೇ ಮಾಗಿದ ಹಣ್ಣಿನ ಗುಣ ಅನ್ನಿಸುವಂತೆ ಮಾಡುತ್ತಾರೆ. ಇಡೀ ಪಾಕದ ಜಾಣತನ ಅದರಲ್ಲಿದೆ. ಇನ್ನೊಂದು ಫ್ರಾನ್ಸಿನ ಎರ್ಮೆಸ್ ಕಂಪನಿಯ 2006ರ ಟೆರ್ ದೆರ್ಮೆಸ್, ಜಾನ್ ಕ್ಲೋದ್ ಎಲೆನಾ ಮಾಡಿದ್ದು. ಕಿತ್ತಳೆ, ಗ್ರೇಪ್‌ಫ್ರೂಟ್, ಮೆಣಸು, ಬೆಣಚುಕಲ್ಲನ್ನು ಕುಟ್ಟಿದಂಥ ಒಂದು ಖನಿಜದ ವಾಸನೆ, ಕೆಳಗೆ ಒಣ ಸೀಡರ್, ಲಾವಂಚ, ಸಾಂಬ್ರಾಣಿ. ಮೊದಲನೆಯದು ಹೆಂಗಸರದು, ಎರಡನೆಯದು ಗಂಡಸರದು ಎಂದು ಅಂಗಡಿಯವರು ಬೇರೆ ಬೇರೆ ಕಪಾಟಿನಲ್ಲಿಡುತ್ತಾರೆ. ಮೂಗಿಗೆ ಆ ಕಪಾಟು ಕಾಣುವುದಿಲ್ಲ.

ಎರಡರಲ್ಲೂ ಧಾರಾಳವಾಗಿ ಇರುವ ಇನ್ನೊಂದು ವಸ್ತು ಐಸೋ ಈ ಸೂಪರ್. ಪರಿಮಳದ ವಸ್ತುಗಳನ್ನು ತಯಾರಿಸುವ ಐಎಫ್‌ಎಫ್ ಕಂಪನಿಯ ಜಾನ್ ಹಾಲ್ ಮತ್ತು ಜೇಮ್ಸ್ ಸ್ಯಾಂಡರ್ಸ್ 1973ರಲ್ಲಿ ಕಂಡುಹಿಡಿದ ಕೃತಕ ಅಣು. ಫೆಮಿನಿಟೆಯ ಮೂಲ ಸಾರದಲ್ಲಿ, ಅಂದರೆ ಆಲ್ಕೋಹಾಲ್ ಬೆರೆಸುವ ಮೊದಲಿನ ಮಿಶ್ರಣದಲ್ಲಿ, ಸುಮಾರು 43 ಪ್ರತಿಶತ ಅದೇ ಎಂದು ಪರಿಮಳ ರಸಾಯನದ ಬರಹಗಳು ಹೇಳುತ್ತವೆ. ಮಖಮಲ್ಲಿನಂಥ, ಅಂಚಿಲ್ಲದ ಸೀಡರ್ ಅದು. ಒಂದು ತೊಂದರೆಯಿದೆ: ಹಾಕಿಕೊಂಡವರ ಮೂಗಿಗೆ ಇದು ಬಂದು ಹೋಗಿ ಮಾಡುತ್ತದೆ, ಕೆಲವರಿಗೆ ತಿಳಿಯುವುದೇ ಇಲ್ಲ. ಮೂರು ಗಂಟೆಗೆ 'ಹೋಯಿತು' ಅನ್ನಿಸಿದರೆ ಮತ್ತೆ ಸಿಂಪಡಿಸುವ ಮೊದಲು ಪಕ್ಕದವರನ್ನು ಕೇಳಿ. ಮುಕ್ಕಾಲು ಸಲ 'ಇದೆಯಲ್ಲ' ಅನ್ನುತ್ತಾರೆ.

ಪಟ್ಟಿಗಳನ್ನು ಎರಡನೇ ಸಲ ಮೂಸುವ ಹೊತ್ತು. ನೀಲಿಯ ಘಾಟು ಇಳಿದಿದೆ. ಕೆಂಪು ಹೆಚ್ಚು ಬದಲಾಗಿಲ್ಲ, ಅದು ಆರಂಭದಿಂದ ಕೊನೆಯವರೆಗೂ ಒಂದೇ ದನಿಯಲ್ಲಿ ಮಾತಾಡುವ ಮನುಷ್ಯ.

ಮನೆಯಲ್ಲೇ ಮಾಡಿ ನೋಡುವವರಿಗೆ ಎರಡು ಪಾಕ. ಎರಡಕ್ಕೂ 3 ಗ್ರಾಂ ಸಾರ, 17 ಗ್ರಾಂ ಪರ್ಫ್ಯೂಮರ್ಸ್ ಆಲ್ಕೋಹಾಲ್ (ಸುಗಂಧ ಮಾಡಲೆಂದೇ ಮಾರುವ ಆಲ್ಕೋಹಾಲ್). ಒಟ್ಟು 15 ಪ್ರತಿಶತ, 30 ಮಿಲಿ ಗಾಜಿನ ಬಾಟಲಿಯಲ್ಲಿ ಹಿಡಿಯುತ್ತದೆ. ಹನಿ ಎಣಿಸಬೇಡಿ. ಅಟ್ಲಾಸ್ ಎಣ್ಣೆ ಮಂದ, ಕಿತ್ತಳೆ ಎಣ್ಣೆ ತೆಳು, ಹನಿಯ ಗಾತ್ರ ಒಂದೇ ಇರುವುದಿಲ್ಲ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು.

ಒಣ ಪಾಕ: ವರ್ಜೀನಿಯಾ ಸೀಡರ್ 1.5 ಗ್ರಾಂ, ಕಿತ್ತಳೆ 0.45, ಸಾಂಬ್ರಾಣಿಯ 50 ಪ್ರತಿಶತ ದ್ರಾವಣ 0.4, ಲಾವಂಚ 0.3, ಶ್ರೀಗಂಧ 0.2, ಕರಿಮೆಣಸು 0.15. ಬೆಚ್ಚನೆ ಪಾಕ: ಅಟ್ಲಾಸ್ ಸೀಡರ್ 1.5 ಗ್ರಾಂ, ಅದೇ ಸಾಂಬ್ರಾಣಿ ದ್ರಾವಣ 0.6, ಶ್ರೀಗಂಧ 0.45, ಏಲಕ್ಕಿ 0.18, ಕಿತ್ತಳೆ 0.18, ದವನ 0.09.

ದವನ ಯಾಕೆ? ಜಾತ್ರೆಯಲ್ಲಿ ದೇವರಿಗೆ ಏರಿಸುವ ಅದೇ ದವನ. ಕರ್ನಾಟಕದಲ್ಲಿ ಬೆಳೆದು ಎಣ್ಣೆ ತೆಗೆಯುತ್ತಾರೆ. ಗಿಡದ ವಾಸನೆಗಿಂತ ಎಣ್ಣೆಯದು ಹೆಚ್ಚು ಹಣ್ಣು: ಒಣದ್ರಾಕ್ಷಿ, ಜಾಮ್, ತುಸು ರಮ್. ಫ್ರೆಂಚರು ಪ್ಲಮ್‌ನಿಂದ ಮಾಡಿದ ಕೆಲಸವನ್ನು ಇಲ್ಲಿ ದವನ ಮಾಡುತ್ತದೆ. ಆದರೆ ಕೈ ಜಾರಬಾರದು. 0.2 ಗ್ರಾಂ ಆದರೆ ಸೀಡರ್ ಮುಳುಗಿ ಬರಿಯ ಜಾಮ್ ಉಳಿಯುತ್ತದೆ. ದವನವನ್ನು ಮೊದಲು ಆಲ್ಕೋಹಾಲ್‌ನಲ್ಲಿ 10 ಪ್ರತಿಶತಕ್ಕೆ ಇಳಿಸಿಕೊಂಡು 0.9 ಗ್ರಾಂ ಅಳೆಯಿರಿ, ಕೊನೆಯಲ್ಲಿ ಸೇರಿಸುವ ಆಲ್ಕೋಹಾಲ್‌ನಲ್ಲಿ 0.8 ಗ್ರಾಂ ಕಡಿಮೆ ಮಾಡಿ.

ಚಕ್ಕೆ, ಲವಂಗದ ಎಣ್ಣೆಯನ್ನು ಬೇಕೆಂದೇ ಬಿಟ್ಟಿದ್ದೇವೆ. ಚಕ್ಕೆ ಎಣ್ಣೆ ಬಹಳ ಕಡಿಮೆ ಪ್ರಮಾಣದಲ್ಲೂ ಚರ್ಮವನ್ನು ಕೆಣಕುತ್ತದೆ, ತಕ್ಕಡಿಯ ಒಂದು ತಪ್ಪಿಗೆ ಕೆಂಪು ದದ್ದು ಏಳುತ್ತದೆ. ಏಲಕ್ಕಿ ಆ ಬಿಸಿಯನ್ನು ಇಷ್ಟು ಅಪಾಯವಿಲ್ಲದೆ ಕೊಡುತ್ತದೆ. ಕಿತ್ತಳೆ ಎಣ್ಣೆ ತೆರೆದು ವರ್ಷ ದಾಟಿದ್ದರೆ ಎಸೆಯಿರಿ. ಗಾಳಿ ತಾಗಿ ಹಳಸಿದ ಲಿಮೊನೀನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಸಿದ್ಧವಾದ ಮೇಲೂ ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಕ್ರಮ ಹೀಗೆ. ಮೊದಲು ಸಾಂಬ್ರಾಣಿ ದ್ರಾವಣ, ಅದರ ಮೇಲೆ ಸೀಡರ್, ಶ್ರೀಗಂಧ, ಲಾವಂಚದಂಥ ಮಂದ ಎಣ್ಣೆಗಳು, ಕೊನೆಗೆ ಕಿತ್ತಳೆ ಮತ್ತು ಮಸಾಲೆ. ಅಲುಗಿಸಿ, ಮುಚ್ಚಿ, ಎರಡು ದಿನ ಸಾರವನ್ನೇ ಕೂರಲು ಬಿಡಿ. ಆಮೇಲೆ ಆಲ್ಕೋಹಾಲ್. ಹತ್ತಿರ ಗ್ಯಾಸ್ ಒಲೆ, ದೀಪ, ಊದುಬತ್ತಿ ಯಾವುದೂ ಇರಬಾರದು. ಕತ್ತಲೆಯ ಕಪಾಟಿನಲ್ಲಿ ಒಣ ಪಾಕ ಎರಡು ವಾರ, ಬೆಚ್ಚನೆ ಪಾಕ ನಾಲ್ಕು ವಾರ. ಅಟ್ಲಾಸ್‌ಗೆ ಹೆಚ್ಚು ಕಾಲ ಬೇಕು, ಮೊದಲ ವಾರ ಅದು ಎಷ್ಟು ಒರಟಾಗಿರುತ್ತದೆಂದರೆ ಕೆಟ್ಟಿತೆಂದು ಚೆಲ್ಲುವವರೂ ಇದ್ದಾರೆ. ಕೊನೆಗೆ ಒಂದು ದಿನ ಫ್ರಿಜ್‌ನಲ್ಲಿಟ್ಟು, ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಫಿಲ್ಟರ್ ಕಾಫಿಯ ಡಬ್ಬಿಯಲ್ಲಲ್ಲ, ಕಾಗದದಲ್ಲಿ. ಹೀಗೆ ಮಾಡದಿದ್ದರೆ ಚಳಿಯ ಬೆಳಗ್ಗೆ ಬಾಟಲಿ ಮಬ್ಬಾಗಿ, ಸ್ಪ್ರೇ ನಳಿಕೆ ಅಂಟುಗಟ್ಟುತ್ತದೆ.

ಆಲ್ಕೋಹಾಲ್ ಸಿಗದಿದ್ದರೆ ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಬಳಸಬೇಡಿ, ಅವುಗಳ ವಾಸನೆ ಹೋಗುವುದಿಲ್ಲ. ಎಣ್ಣೆಯಲ್ಲಿ ಅತ್ತರಿನಂತೆ ಮಾಡಿಕೊಳ್ಳಬಹುದು. ಆಗ ಎರಡು ಎಚ್ಚರ. ಅಡುಗೆಮನೆಯ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲಿ ಅತ್ತರಿನ ಬಾಟಲಿಯ ಬಾಯಲ್ಲಿರುವ ರೋಲರ್ ಗುಂಡು ಉರುಳುವುದೇ ಇಲ್ಲ. ಹೆಪ್ಪುಗಟ್ಟದ ಫ್ರ್ಯಾಕ್ಷನೇಟೆಡ್ ಕೊಬ್ಬರಿ ಎಣ್ಣೆ ಅಥವಾ ಜೊಜೊಬಾ ಎಣ್ಣೆ ತೆಗೆದುಕೊಳ್ಳಿ. ಎರಡನೆಯದು, ಸಾಂಬ್ರಾಣಿ ದ್ರಾವಣ ಇಂಥ ಎಣ್ಣೆಗಳಲ್ಲಿ ಸರಿಯಾಗಿ ಕರಗದೆ ಕಂದು ಅಂಟಾಗಿ ತಳಕ್ಕೆ ಕೂರುತ್ತದೆ. ಎಣ್ಣೆ ಪಾಕದಲ್ಲಿ ಅದನ್ನು ಬಿಟ್ಟು, ಅಷ್ಟೇ ತೂಕದ ಶ್ರೀಗಂಧ ಸೇರಿಸಿ. ಖರ್ಚು ಏರುತ್ತದೆ, ಬೇರೆ ದಾರಿಯಿಲ್ಲ.

ಶ್ರೀಗಂಧದ ಬಗ್ಗೆ ಒಂದು ಮಾತು ಹೇಳಲೇಬೇಕು. 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ನಾಡು ನಮ್ಮದು. ಮರದ ಪರಿಮಳ ಎಂದರೆ ನಮ್ಮ ಮೂಗಿಗೆ ಹಾಲಿನಂಥ ಮೃದು ಗಂಧವೇ ಅಳತೆಗೋಲು. ಆ ಅಳತೆಗೋಲಿನಲ್ಲಿ ಸೀಡರ್ ಅಳೆದರೆ ಅದು ಯಾವತ್ತೂ ಸೋಲುತ್ತದೆ, ಒರಟು ಎನ್ನಿಸುತ್ತದೆ. ಆದರೆ ಒರಟುತನವೇ ಅದರ ಕೆಲಸ. ಪಾಕಗಳಲ್ಲಿ ಶ್ರೀಗಂಧದ ಪಾಲು ಚಿಕ್ಕದಾಗಿಟ್ಟಿರುವುದು ಖರ್ಚಿಗೆ ಹೆದರಿ ಮಾತ್ರವಲ್ಲ. ಅರ್ಧ ಗಂಧ, ಅರ್ಧ ಸೀಡರ್ ಹಾಕಿದರೆ ಕೊನೆಗೆ ಸಾದಾ ಗಂಧದಂತೆಯೇ ಘಮಿಸುತ್ತದೆ.

ವರ್ಜೀನಿಯಾ ಎಣ್ಣೆ ಕೊಂಡವರಿಗೆ ಚಳಿಯಲ್ಲಿ ಒಂದು ಗಾಬರಿ ಕಾದಿರುತ್ತದೆ. ಬಾಟಲಿಯಲ್ಲಿ ಬಿಳಿ ಸೂಜಿಗಳಂಥ ಹರಳು ಬೆಳೆಯಬಹುದು. ಅದು ಕಲಬೆರಕೆಯಲ್ಲ, ಸೀಡ್ರಾಲ್. ಶುದ್ಧ ರೂಪದಲ್ಲಿ ಅದು 80 ಡಿಗ್ರಿ ದಾಟಿದ ಮೇಲಷ್ಟೇ ಕರಗುವ ಘನವಸ್ತು, ಎಣ್ಣೆ ತಣ್ಣಗಾದಾಗ ಹೊರಬೀಳುತ್ತದೆ. ಹರಳು ಬಿಟ್ಟು ಮೇಲಿನ ಎಣ್ಣೆ ಮಾತ್ರ ಬಗ್ಗಿಸಿಕೊಂಡರೆ ನಿಮ್ಮ ಪಾಕ ತೆಳುವಾಗುತ್ತದೆ, ಬಾಳಿಕೆ ಕೊಡುವ ಭಾಗ ಬಾಟಲಿಯಲ್ಲೇ ಉಳಿಯುತ್ತದೆ. ಮುಚ್ಚಳ ಬಿಗಿದು, 45–50 ಡಿಗ್ರಿಯ ನೀರಿನಲ್ಲಿ ಬಾಟಲಿಯನ್ನು ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ಅಲುಗಿಸಿ ಅಳೆಯಿರಿ.

ಹಾಕಿಕೊಳ್ಳುವುದು ಹೇಗೆ? ಚಳಿಗೆ ಒಡೆದ ಒಣ ಚರ್ಮ ಪರಿಮಳವನ್ನು ಹಿಡಿದಿಡುವುದಿಲ್ಲ. ಸ್ನಾನವಾದ ಮೇಲೆ ವಾಸನೆಯಿಲ್ಲದ ಲೋಷನ್ ಅಥವಾ ಚೂರು ವ್ಯಾಸಲೀನ್ ಎದೆಗೆ ಹಚ್ಚಿ, ಐದು ನಿಮಿಷ ಬಿಟ್ಟು ಸಿಂಪಡಿಸಿ. ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯಿದ್ದರೆ ಅದರ ಘಮ ಒಣ ಪಾಕದ ಮೇಲೆ ಕೂರುತ್ತದೆ, ಬೆಚ್ಚನೆ ಪಾಕಕ್ಕೆ ಅಷ್ಟು ಅಡ್ಡಿಯಿಲ್ಲ. ಬೆಂಗಳೂರಿನ 15 ಡಿಗ್ರಿಯ ಬೆಳಗಿಗೆ ಎರಡು ಸಲ ಒತ್ತಿದರೆ ಸಾಕು. ಟೊರಾಂಟೊ, ಷಿಕಾಗೊ ಕಡೆ ಇರುವ ನಮ್ಮವರು ಹೊರಗಿನ ಚಳಿ ನೋಡಿ ಲೆಕ್ಕ ಹಾಕಬಾರದು, ದಿನದ ಬಹುಪಾಲು ಕಳೆಯುವ ಹೀಟರ್ ಕೋಣೆಯನ್ನು ನೋಡಿ ಲೆಕ್ಕ ಹಾಕಬೇಕು. ಅಲ್ಲೂ ಎರಡೇ. ಬಯಲಲ್ಲೇ ಹೆಚ್ಚು ಹೊತ್ತಿರುವ ದಿನ ಒಣ ಪಾಕವನ್ನು ಇನ್ನೊಂದು ಸಲ ಉಣ್ಣೆ ಮಫ್ಲರ್‌ನ ಒಳಮೈಗೆ, ಒಂದು ಗೇಣು ದೂರದಿಂದ. ಬೆಚ್ಚನೆ ಪಾಕವನ್ನು ಬಟ್ಟೆಗೆ ಹಾಕಬೇಡಿ. ಅಟ್ಲಾಸ್ ಎಣ್ಣೆಗೂ ಸಾಂಬ್ರಾಣಿಗೂ ಬಣ್ಣವಿದೆ, ತಿಳಿಬಣ್ಣದ ರೇಷ್ಮೆ, ಪಶ್ಮಿನಾಕ್ಕೆ ಹಳದಿ ಕಲೆ ಕೂರುತ್ತದೆ. ಉಣ್ಣೆಯಲ್ಲಿ ಸೇರಿದ ಸೀಡರ್ ದಿನಗಟ್ಟಲೆ ಉಳಿಯುತ್ತದೆ. ಒಂದೇ ಮಫ್ಲರ್‌ಗೆ ಸೋಮವಾರ ಒಣ ಪಾಕ, ಬುಧವಾರ ಬೇರೊಂದು ಸುಗಂಧ ಹಾಕಿದರೆ ಗುರುವಾರ ಎರಡೂ ಸೇರಿ ಬೇರೇನೋ ಆಗಿರುತ್ತದೆ.

ಎರಡನ್ನೂ ಒಟ್ಟಿಗೆ ಬೆರೆಸಬಹುದೇ ಎಂಬ ಪ್ರಶ್ನೆ ಸದಾ ಬರುತ್ತದೆ. ಬೆರೆಸಬಹುದು, ಸಮಪಾಲು ಮಾತ್ರ ಬೇಡ. ಅಟ್ಲಾಸ್ ಮೂರು ಪಾಲಿಗೆ ವರ್ಜೀನಿಯಾ ಒಂದು ಪಾಲು ಹಾಕಿದರೆ ಮೊದಲ ಅರ್ಧ ಗಂಟೆಯ ಕೊಟ್ಟಿಗೆ ಘಾಟನ್ನು ಆ ಒಣತನ ಮರೆಮಾಡುತ್ತದೆ. ಸಮ ಹಾಕಿದರೆ ಒಂದರ ಹರಿತವೂ ಉಳಿಯುವುದಿಲ್ಲ, ಇನ್ನೊಂದರ ಮಾಗುವಿಕೆಯೂ ಕಾಣುವುದಿಲ್ಲ. ಇನ್ನೊಂದು ಸಂಗತಿ: ಅಟ್ಲಾಸ್ ಸೀಡರ್ ಅಳಿವಿನಂಚಿನ ಮರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಮರಗೆಲಸದ ಹೊಟ್ಟು, ತುಂಡುಗಳಿಂದ ತೆಗೆದ ಎಣ್ಣೆಯೇ ಎಂದು ಮಾರುವವರನ್ನು ಕೇಳಿ ಕೊಳ್ಳಿ. ಉತ್ತರ ಸಿಗದಿದ್ದರೆ ಹಿಮಾಲಯದ ದೇವದಾರು ಎಣ್ಣೆ ಬಳಸಬಹುದು, ಹಿಮಾಚಲೀನ್ ಅದರಲ್ಲೂ ಧಾರಾಳ. ಘಾಟು ಇನ್ನೂ ಜಾಸ್ತಿ, ಆದ್ದರಿಂದ 1.5 ಗ್ರಾಂ ಬದಲು 1.2 ಹಾಕಿ, ಉಳಿದ 0.3 ಶ್ರೀಗಂಧಕ್ಕೆ ಕೊಡಿ. ಕಪಾಟಿನಲ್ಲಿ ಆರು ವಾರ ಬಿಡಿ.

ಈಗ ಮೂರನೇ ಸಲ. ಮೊದಲು ನೀಲಿ ಮೂಸಿ, ಕಿಟಕಿ ಕಡೆ ತಿರುಗಿ ನಾಲ್ಕು ಉಸಿರು ತೆಗೆದುಕೊಂಡು ಆಮೇಲೆ ಕೆಂಪು. ಪಟ್ಟಿಗಳನ್ನು ಮನೆಗೆ ಒಯ್ಯಿರಿ. ಒಂದನ್ನು ಅಡುಗೆಮನೆಯಿಂದ ದೂರದ ತಣ್ಣನೆ ಗೋಡೆಯ ಬಳಿ, ಇನ್ನೊಂದನ್ನು ಮುಂಜಾನೆ ಬಿಸಿಲು ಬೀಳುವ ಕಡೆ ಇಟ್ಟು ನಾಳೆ ಜಾಗ ಬದಲಿಸಿ ನೋಡಿ. ನೀಲಿ ಪಟ್ಟಿ ಯಾವ ಜಾಗದಲ್ಲಿ ಹೆಚ್ಚು ಮಾತಾಡುತ್ತದೆ ಎಂಬುದನ್ನು ಗಮನಿಸಿದರೆ, ನಿಮ್ಮ ಮೈಮೇಲೆ ಅದನ್ನು ಎಲ್ಲಿ ಹಚ್ಚಬೇಕೆಂದು ಮತ್ತೆ ಯಾರೂ ಹೇಳಬೇಕಿಲ್ಲ.